ನಮ್ಮ ಕರಾವಳಿಯ ಪೇಟೆಗಳು

ಕಳೆದ ಮಳೆಗಾಲದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ನಾವು ಒಂದು ಪ್ರಬಂಧ ಬರೆಯಲು ಹೇಳಿದೆವು. ವಿಷಯ ‘ನಮ್ಮ ಪೇಟೆ’. ತಾಜಮಹಲಿನ ಬಗ್ಗೆ ಎರಡು ಪುಟ ತುಂಬಿಸಬಲ್ಲ ಮಕ್ಕಳು ಇದಕ್ಕೆ ಅರ್ಧ ಪುಟವನ್ನೂ ತುಂಬಿಸಲಿಲ್ಲ. ಒಬ್ಬ ಹುಡುಗ ಮೂರೇ ವಾಕ್ಯ ಬರೆದಿದ್ದ: “ನಮ್ಮ ಪೇಟೆಯಲ್ಲಿ ಬಸ್ಸು ನಿಲ್ಲುತ್ತದೆ. ಮೀನು ಸಿಗುತ್ತದೆ. ಬೇರೆ ಎಲ್ಲದಕ್ಕೂ ಮಂಗಳೂರಿಗೆ ಹೋಗಬೇಕು.” ಅಧ್ಯಾಪಕರ ಕೊಠಡಿಯಲ್ಲಿ ಇದನ್ನೋದಿ ನಾವೆಲ್ಲ ನಕ್ಕೆವು. ಆಮೇಲೆ ಯೋಚಿಸಿದಾಗ ತಪ್ಪು ಹುಡುಗನದಲ್ಲ ಎಂದು ತಿಳಿಯಿತು. ಅವನ ಪೇಟೆ ಅಲ್ಲಿಯೇ ಏಕೆ ಹುಟ್ಟಿತು, ಹೇಗೆ ಬೆಳೆಯಿತು ಎಂದು ಪಾಠಪುಸ್ತಕವೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಆ ಸಾಲ ತೀರಿಸಲು ಈ ಲೇಖನ.

ವಿದ್ಯಾರ್ಥಿಗಳೇ, ಕಾಸರಗೋಡು ಜಿಲ್ಲೆಯ ಭೂಪಟವನ್ನು ಮೊದಲು ಮುಂದಿಟ್ಟುಕೊಳ್ಳಿರಿ. ಬಡಗಿನಲ್ಲಿ ತಲಪಾಡಿ, ತೆಂಕಿನಲ್ಲಿ ತ್ರಿಕರಿಪುರ. ಪಡುವಲಲ್ಲಿ ಅರಬ್ಬಿ ಕಡಲು, ಮೂಡಲಲ್ಲಿ ಘಟ್ಟದ ಸೆರಗು. ಈ ಕಿರಿದಾದ ಪಟ್ಟಿಯಲ್ಲಿ ಹನ್ನೆರಡು ಹೊಳೆಗಳು ಹರಿಯುತ್ತವೆ ಎಂದು ಲೆಕ್ಕ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ, ಕಳನಾಡು, ಬೇಕಲ, ಚಿತ್ತಾರಿ, ನೀಲೇಶ್ವರ, ಕಾರ್ಯಂಗೋಡು, ಕವ್ವಾಯಿ ಎಂದು ಹೆಸರುಗಳನ್ನು ಸಾಲಾಗಿ ಓದಿ ನೋಡಿರಿ. ಇವುಗಳಲ್ಲಿ ಹಲವು ಹೊಳೆಯ ಹೆಸರೂ ಹೌದು, ಊರಿನ ಹೆಸರೂ ಹೌದು. ಇದು ಆಕಸ್ಮಿಕವಲ್ಲ.

ಕಡಲು ತಾನಾಗಿ ಪೇಟೆಯನ್ನು ಕಟ್ಟುವುದಿಲ್ಲ. ಬರಿಯ ಮರಳ ದಂಡೆಯಲ್ಲಿ ಮೀನುಗಾರರ ಮನೆಗಳು ಏಳುತ್ತವೆ, ಮಾರುಕಟ್ಟೆ ಏಳುವುದು ಕಷ್ಟ. ಪೇಟೆಗೆ ಬೇಕಾದುದು ಅಳಿವೆ, ಅಂದರೆ ಹೊಳೆಯು ಕಡಲನ್ನು ಸೇರುವ ಬಾಯಿ. ರಸ್ತೆಗಳಿಲ್ಲದ ಕಾಲದಲ್ಲಿ ಮುರಕಲ್ಲಿನ ಗುಡ್ಡೆಗಳನ್ನು ಹತ್ತಿಳಿದು ಸಾಮಾನು ಸಾಗಿಸುವುದು ಸುಲಭವಿರಲಿಲ್ಲ. ಮೂಡಲಿನ ಅಕ್ಕಿ, ಕರಿಮೆಣಸು, ಅಡಿಕೆ ದೋಣಿಯಲ್ಲಿ ಹೊಳೆಯಿಳಿದು ಬರುತ್ತಿದ್ದವು. ಕಡಲಿನಿಂದ ಪತ್ತೆಮಾರಿಗಳು ಉಪ್ಪು, ಬಟ್ಟೆ ತರುತ್ತಿದ್ದವು. ಇಳಿಸುವವನೂ ಏರಿಸುವವನೂ ಸಂಧಿಸುವ ಅಳಿವೆಯ ದಡದಲ್ಲಿ ಮೊದಲು ಒಂದು ಉಗ್ರಾಣ, ಅದರ ಬದಿಗೆ ಒಂದು ಅಂಗಡಿ, ಬಳಿಕ ಒಂದು ಗುಡಿ ಅಥವಾ ಮಸೀದಿ. ಹೀಗೆ ಪೇಟೆ ಹುಟ್ಟಿತು.

ಇದಕ್ಕೆ ಒಳ್ಳೆಯ ಉದಾಹರಣೆ ಕುಂಬಳೆ. ಇಂದು ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಅದೊಂದು ಸಣ್ಣ ಪೇಟೆ. ಆದರೆ ಅದು ಕುಂಬಳೆ ಸೀಮೆಯ ಅರಸರ ರಾಜಧಾನಿಯಾಗಿತ್ತು. 1514ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೊಸಾ, ಇಲ್ಲಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತಿತ್ತೆಂದೂ ಅದಕ್ಕೆ ಬದಲಾಗಿ ತೆಂಗಿನ ನಾರು ಬರುತ್ತಿತ್ತೆಂದೂ ಬರೆದಿಟ್ಟಿದ್ದಾನೆ. ತೆಂಕುತಿಟ್ಟಿನ ಯಕ್ಷಗಾನದ ಜನಕನೆಂದು ಹೆಸರಾದ ಪಾರ್ತಿಸುಬ್ಬನ ಊರೂ ಇದೇ. ಹತ್ತಿರದ ಅನಂತಪುರದಲ್ಲಿ ಕೆರೆಯ ನಡುವೆ ದೇವಾಲಯವಿದೆ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬ ನಂಬಿಕೆಯಿದೆ. ಆ ಕೆರೆಯ ಮೊಸಳೆ ಬಬಿಯ 2022ರಲ್ಲಿ ಸತ್ತಾಗ ಜಾತಿಮತ ನೋಡದೆ ಜನ ಬಂದು ಕೊನೆಯ ದರ್ಶನ ಪಡೆದರು.

ಪೇಟೆ ಕಟ್ಟುವ ಎರಡನೆಯ ಶಕ್ತಿ ಕೋಟೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು ಈ ಕರಾವಳಿಯನ್ನು ಹಿಡಿದಾಗ ಹೊಳೆಗಳ ಬಾಯಿಯಲ್ಲಿ ಕೋಟೆಗಳನ್ನು ಕಟ್ಟಿಸಿದರು. ಅಳಿವೆಯನ್ನು ಹಿಡಿದವನ ಕೈಯಲ್ಲಿ ಸುಂಕವಿರುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಚಂದ್ರಗಿರಿಯ ಕೋಟೆಯೂ, ಸುಮಾರು 1650ರ ವೇಳೆಗೆ ಎದ್ದ ಬೇಕಲದ ಕೋಟೆಯೂ ಶಿವಪ್ಪ ನಾಯಕನ ಹೆಸರಿಗೆ ಸೇರಿದವು. ಬೇಕಲ ಸುಮಾರು 40 ಎಕರೆಯ ದೊಡ್ಡ ಕೋಟೆ. 1763ರಲ್ಲಿ ಅದು ಹೈದರಾಲಿಗೂ, 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷ್ ಕಂಪೆನಿಗೂ ಸೇರಿತು. ಆಗ ಬೇಕಲವೇ ತಾಲೂಕಿನ ಕೇಂದ್ರ. ಮುಂದೆ ಕಚೇರಿ ಕಾಸರಗೋಡಿಗೆ ಹೋಯಿತು. ಕಚೇರಿಯ ಹಿಂದೆ ವಕೀಲರು, ಗುಮಾಸ್ತರು, ಹೋಟೆಲು, ಅಂಗಡಿ ಎಲ್ಲವೂ ಹೋದವು. ಬೇಕಲದಲ್ಲಿ ಕೋಟೆ ಉಳಿಯಿತು, ಪೇಟೆ ಬೆಳೆಯಲಿಲ್ಲ. ಇಂದು ಪ್ರವಾಸಿಗಳು ಕೋಟೆಯ ಮೇಲೆ ನಿಂತು ಕಡಲಿನ ಚಿತ್ರ ತೆಗೆದು ಹಿಂದಿರುಗುತ್ತಾರೆ. ಕಲ್ಲು ಭದ್ರವಾಗಿದ್ದರೆ ಸಾಲದು, ಜನರಿಗೆ ದಿನವೂ ಅಲ್ಲಿ ಕೆಲಸವಿರಬೇಕು ಎಂಬ ಪಾಠ ಬೇಕಲದಲ್ಲಿದೆ.

ಕಾಞಂಗಾಡಿನ ಕಥೆ ಬೇರೆ. ಅದನ್ನು ಒಳಗೊಂಡ ತಾಲೂಕಿಗೆ ಇಂದಿಗೂ ಹೊಸದುರ್ಗ ಎಂದೇ ಹೆಸರು. ಮಲಯಾಳ ಮಾತಾಡುವ ನಾಡಿನ ನಡುವೆ ಈ ಹೆಸರು ಹೇಗೆ ಬಂತು? ಕೆಳದಿಯವರು ಅಲ್ಲಿ ಹೊಸದೊಂದು ದುರ್ಗ ಕಟ್ಟಿಸಿದರು, ಅದಕ್ಕೇ ಹೊಸದುರ್ಗ. ಕೋಟೆ ಹಾಳಾದರೂ ರೈಲೂ ಕಚೇರಿಗಳೂ ಇದ್ದುದರಿಂದ ಪೇಟೆ ಬೆಳೆಯಿತು. 1931ರಲ್ಲಿ ಸ್ವಾಮಿ ರಾಮದಾಸರೂ ಮಾತಾಜಿ ಕೃಷ್ಣಾಬಾಯಿಯವರೂ ಅಲ್ಲಿ ಆನಂದಾಶ್ರಮವನ್ನು ತೆರೆದರು. ಹತ್ತಿರದ ಬೆಳ್ಳಿಕೋತು ಮಲಯಾಳದ ಹೆಸರಾಂತ ಕವಿ ಪಿ. ಕುಞಿರಾಮನ್ ನಾಯರ್ ಹುಟ್ಟಿದ ಊರು.

ಇನ್ನೂ ತೆಂಕಿಗೆ ನೀಲೇಶ್ವರ. ಅರಮನೆ, ಕಾವುಗಳು, ತೆಯ್ಯಂ ಕಟ್ಟುವ ಮನೆತನಗಳು ಇರುವ ಹಳೆಯ ಪೇಟೆ. ನಮ್ಮ ಕಾದಂಬರಿಕಾರ ನಿರಂಜನರು ಬಾಲ್ಯದಲ್ಲಿ ಕೆಲವು ವರ್ಷ ಅಲ್ಲಿ ಓದಿದವರು. ಸಮೀಪದ ಕಯ್ಯೂರಿನ ರೈತರ ಹೋರಾಟವನ್ನೂ, 1943ರಲ್ಲಿ ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರು ತರುಣರು ಗಲ್ಲಿಗೇರಿದುದನ್ನೂ ಆಧರಿಸಿ ಅವರು ‘ಚಿರಸ್ಮರಣೆ’ಯನ್ನು ಕನ್ನಡದಲ್ಲಿ ಬರೆದರು. ಮಲಯಾಳದ ನೆಲದ ಕಥೆ ಕನ್ನಡದ ಪುಸ್ತಕವಾಯಿತು. ಗಡಿನಾಡಿನ ಪೇಟೆಯಲ್ಲಿ ಬೆಳೆದವರಿಗೆ ಸಿಗುವ ಭಾಗ್ಯವೆಂದರೆ ಇದೇ.

ಇನ್ನು ಕಾಸರಗೋಡು. ‘ಕಾಸಾರ’ ಅಂದರೆ ಕೆರೆ, ಅದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಕಾಸರಕದ ಮರದಿಂದ ಬಂತೆಂದು ಇನ್ನು ಕೆಲವರು. ಚಂದ್ರಗಿರಿ ಹೊಳೆಯನ್ನು ಹಿಂದಿನವರು ತುಳುನಾಡಿನ ತೆಂಕಣ ಎಲ್ಲೆಯೆಂದು ಎಣಿಸುತ್ತಿದ್ದರು. ಎಲ್ಲೆಯ ಪೇಟೆಗೆ ಎರಡೂ ಕಡೆಯವರು ಬರುತ್ತಾರೆ, ಎರಡೂ ಭಾಷೆ ತಿಳಿದ ವರ್ತಕ ಅಲ್ಲಿ ಬೇಕಾಗುತ್ತಾನೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಅಲ್ಲಿಯ ಕಸೂತಿಯ ಬಿಳಿ ಟೊಪ್ಪಿ, ನೇಕಾರರ ಹತ್ತಿಯ ಕಾಸರಗೋಡು ಸೀರೆ, ಮಧೂರಿನ ದೇವಾಲಯ ಇವೆಲ್ಲ ಕೆಲವೇ ಕಿಲೋಮೀಟರುಗಳ ಒಳಗೆ ಇವೆ. ಮದರಾಸು ಸರಕಾರ 1916ರಲ್ಲಿ ಇಲ್ಲಿ ತೆರೆದ ತೆಂಗಿನ ಸಂಶೋಧನಾ ಕೇಂದ್ರ 1970ರಲ್ಲಿ ಇಡೀ ದೇಶದ ತೋಟದ ಬೆಳೆಗಳ ಸಂಶೋಧನಾಲಯವಾಯಿತು. ನಿಮ್ಮ ಮನೆಯ ತೆಂಗಿಗೆ ರೋಗ ತಗಲಿದಾಗ ತಂದೆಯವರು ಸಲಹೆ ಕೇಳಲು ಹೋಗುವುದು ಅಲ್ಲಿಗೇ ಅಲ್ಲವೇ?

ಮಂಜೇಶ್ವರ, ಉಪ್ಪಳಗಳನ್ನು ನಾವು ಬೇಕೆಂದೇ ಕೊನೆಗೆ ಇಟ್ಟುಕೊಂಡೆವು. ಮಂಜೇಶ್ವರದಿಂದ ಮಂಗಳೂರಿಗೆ ಸುಮಾರು 20 ಕಿಲೋಮೀಟರು. ಬೆಳಗ್ಗಿನ ಬಸ್ಸುಗಳಲ್ಲೂ ರೈಲುಗಳಲ್ಲೂ ಅಲ್ಲಿಯ ಕಾಲೇಜಿಗೆ, ಆಸ್ಪತ್ರೆಗೆ, ಅಂಗಡಿಗಳ ಕೆಲಸಕ್ಕೆ ಹೋಗುವವರು ತುಂಬಿರುತ್ತಾರೆ. ಸಂಜೆ ಅವರೇ ಮರಳುತ್ತಾರೆ. ಹೀಗೆ ಹಗಲು ದೊಡ್ಡ ನಗರಕ್ಕೆ ದುಡಿದು ರಾತ್ರಿ ತನ್ನಲ್ಲಿಗೆ ಮರಳುವ ಜನರಿರುವ ಊರನ್ನು ಉಪನಗರ ಎನ್ನುತ್ತಾರೆ. ಆದರೆ ಮಂಜೇಶ್ವರ ಬರಿಯ ಮಲಗುವ ಊರಲ್ಲ. ಅನಂತೇಶ್ವರ ದೇವಾಲಯ, ಜೈನ ಬಸದಿ, ಚರ್ಚು, ಮಸೀದಿಗಳು ಅಕ್ಕಪಕ್ಕದಲ್ಲಿವೆ. ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಇಲ್ಲಿದ್ದುಕೊಂಡೇ ಬರೆದರು. ಹಲವು ಭಾಷೆ ಬಲ್ಲ ಆ ವಿದ್ವಾಂಸರ ಮನೆ ಇಂದು ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಉಪ್ಪಳದ ಪೇಟೆಯಲ್ಲಿ ಹತ್ತು ನಿಮಿಷ ನಿಂತರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಗಿರಾಕಿ ಬಾಯಿ ತೆರೆದ ಕೂಡಲೇ ಅವನ ಭಾಷೆಯನ್ನು ಗುರುತಿಸಿ ಅದರಲ್ಲಿಯೇ ಉತ್ತರ ಕೊಡುವ ಅಂಗಡಿಯವರನ್ನು ನಾವೆಲ್ಲ ಕಂಡಿದ್ದೇವೆ. ಇದನ್ನು ಯಾವ ಶಾಲೆಯೂ ಅವರಿಗೆ ಕಲಿಸಲಿಲ್ಲ, ಪೇಟೆ ಕಲಿಸಿತು.

ಈ ಎಲ್ಲ ಪೇಟೆಗಳ ಮುಖವನ್ನು ಎರಡು ಸಲ ತಿರುಗಿಸಿದವು ರೈಲು ಮತ್ತು ರಸ್ತೆ. 1907ರಲ್ಲಿ ರೈಲುಹಳಿ ಮಂಗಳೂರನ್ನು ಮುಟ್ಟಿದ ಮೇಲೆ ದೋಣಿಯ ಕಡವುಗಳು ಬಡವಾದವು, ನಿಲ್ದಾಣದ ಸುತ್ತ ಅಂಗಡಿಗಳು ಎದ್ದವು. ಬಳಿಕ ಹೆದ್ದಾರಿಯಲ್ಲಿ ಬಸ್ಸು, ಲಾರಿಗಳು ಹೆಚ್ಚಿದಂತೆ ಅಂಗಡಿಗಳು ರಸ್ತೆಯ ಬದಿಗೆ ಬಂದವು. ಗಲ್ಫಿಗೆ ಹೋದವರ ಗಳಿಕೆಯಿಂದ ಅಲ್ಲೆಲ್ಲ ಮಹಡಿಗಳೆದ್ದವು. ಈಚಿನ ವರ್ಷಗಳಲ್ಲಿ ಆ ಹೆದ್ದಾರಿಯನ್ನು ಆರು ಸಾಲಿಗೆ ಅಗಲಿಸಿದ್ದಾರೆ. ವಾಹನಗಳು ಮೇಲ್ಸೇತುವೆಯ ಮೇಲೆ ಪೇಟೆಯನ್ನು ನೋಡದೆಯೇ ದಾಟಿ ಹೋಗುತ್ತವೆ. ವೇಗ ಬಂತು, ಒಳ್ಳೆಯದೇ. ಆದರೆ ರಸ್ತೆಯ ಆಚೆ ಬದಿಯ ಅಂಗಡಿಗೆ ಹೋಗಲು ಅಜ್ಜಿಯೊಬ್ಬಳು ಕೆಳದಾರಿ ಹುಡುಕಿ ಸುತ್ತು ಹಾಕಬೇಕಾಗಿದೆ. ಇನ್ನೊಂದು ಬದಿಯಿಂದ ಕಡಲು ದಂಡೆಯನ್ನು ತಿನ್ನುತ್ತಿದೆ. ಉಪ್ಪಳದ ಮುಸೋಡಿಯಂಥ ಕಡೆಗಳಲ್ಲಿ ಮಳೆಗಾಲ ಬಂತೆಂದರೆ ಮನೆ ಉಳಿದೀತೇ ಎಂಬ ಚಿಂತೆ.

ಈಗ ಆ ಹುಡುಗನ ಮೂರನೆಯ ವಾಕ್ಯಕ್ಕೆ ಬರೋಣ. “ಬೇರೆ ಎಲ್ಲದಕ್ಕೂ ಮಂಗಳೂರಿಗೆ ಹೋಗಬೇಕು.” ಅವನು ಬರೆದುದರಲ್ಲಿ ಸುಳ್ಳಿಲ್ಲ. 1956ರ ನವೆಂಬರ್ 1ರವರೆಗೆ ಮಂಗಳೂರೂ ನಾವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ನಕ್ಷೆಯಲ್ಲಿ ಗೆರೆ ಬಿದ್ದಿತು, 1984ರಲ್ಲಿ ನಮಗೆ ನಮ್ಮದೇ ಜಿಲ್ಲೆಯೂ ಆಯಿತು. ಆದರೆ ಕಾಯಿಲೆ ಬಿದ್ದವನ ಕಾಲು ಹಳೆಯ ದಾರಿಯಲ್ಲೇ ನಡೆಯುತ್ತದೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಗಡಿಯ ರಸ್ತೆಗಳನ್ನು ಮುಚ್ಚಿದಾಗ ಇದರ ಅರ್ಥ ನಮಗೆ ಚೆನ್ನಾಗಿ ತಿಳಿಯಿತು. ತಲಪಾಡಿಯಲ್ಲಿ ಆಂಬ್ಯುಲೆನ್ಸುಗಳು ತಿರುಗಿ ಬಂದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಕಳೆದುಕೊಂಡರು. ನೆರೆಯ ನಗರವನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಪ್ರಾಣದ ಪ್ರಶ್ನೆಯನ್ನು ನೆರೆಮನೆಯ ಬಾಗಿಲಿಗೇ ಬಿಟ್ಟುಬಿಟ್ಟ ಊರು ಎಚ್ಚರದಿಂದಿರಬೇಕು.

ಹೆತ್ತವರಲ್ಲಿ ನಮ್ಮದೊಂದು ಬಿನ್ನಹವಿದೆ. ಪೇಟೆಯನ್ನು ಉಳಿಸುವವರು ಅದನ್ನು ತಮ್ಮದೆಂದು ತಿಳಿದವರು. ತಮ್ಮದೆಂದು ತಿಳಿಯಬೇಕಾದರೆ ಅದರ ಹೆಸರುಗಳನ್ನು ಓದಲು ಬರಬೇಕು. ಹೊಸದುರ್ಗ ಎಂಬ ಮಾತಿನಲ್ಲಿರುವ ಕನ್ನಡವೂ, ಬೆಳ್ಳಿಕೋತಿನ ಕವಿಯ ಮಲಯಾಳವೂ, ಅಂಗಡಿಯ ಕಟ್ಟೆಯ ತುಳುವೂ ನಮ್ಮ ಮಕ್ಕಳ ಆಸ್ತಿ. ಕನ್ನಡದ ಅಧ್ಯಾಪಕರಾಗಿಯೇ ದುಡಿದು, 1915ರಿಂದ 2015ರವರೆಗೆ ತುಂಬು ಬಾಳು ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಕವಿಯಾಗಿ, ಹೋರಾಟಗಾರರಾಗಿ ಬೆಳೆದರು. ಮಗುವಿಗೆ ಇಂಗ್ಲಿಷ್ ಬೇಕು, ನಾವು ಬೇಡವೆನ್ನುವುದಿಲ್ಲ. ಅದಕ್ಕಾಗಿ ಮನೆಯ ಮಾತನ್ನು ಮಾರಬೇಕಾಗಿಲ್ಲ ಎಂದಷ್ಟೇ ಹೇಳುತ್ತೇವೆ. ಐದು ಭಾಷೆ ಆಡುವ ಪೇಟೆಯ ಮಗುವಿಗೆ ಆರನೆಯದು ಭಾರವಾಗದು.

ವಿದ್ಯಾರ್ಥಿಗಳೇ, ನಿಮಗೂ ಒಂದು ಮನೆಕೆಲಸ. ಈ ರಜೆಯಲ್ಲಿ ನಿಮ್ಮ ಪೇಟೆಗೆ ಹೋಗಿ ಅಲ್ಲಿಯ ಹಿರಿಯ ಅಂಗಡಿಯವರೊಬ್ಬರನ್ನು ಮೂರು ಪ್ರಶ್ನೆ ಕೇಳಿರಿ. ಈ ಅಂಗಡಿಯನ್ನು ತೆರೆದವರು ಯಾರು? ಆಗ ಸಾಮಾನು ಯಾವ ದಾರಿಯಲ್ಲಿ ಬರುತ್ತಿತ್ತು? ಈ ಜಾಗಕ್ಕೆ ಹಿಂದೆ ಏನೆನ್ನುತ್ತಿದ್ದರು? ಉತ್ತರಗಳನ್ನು ಅವರು ಹೇಳಿದ ಭಾಷೆಯಲ್ಲಿಯೇ ಕೇಳಿ, ಕನ್ನಡದಲ್ಲಿ ಬರೆದು ತನ್ನಿರಿ. ಮೂರು ವಾಕ್ಯ ಬರೆದ ಹುಡುಗ ಈಗಾಗಲೇ ತನ್ನ ಅಜ್ಜನಿಂದ ಕಡವಿನ ದೋಣಿಯ ವಿಷಯ ಕೇಳಿ ಎರಡು ಪುಟ ಬರೆದು ಕೊಟ್ಟಿದ್ದಾನೆ. ಬಸ್ಸು ನಿಲ್ಲುವ ಜಾಗದಲ್ಲಿ ಮೊದಲು ದೋಣಿ ನಿಲ್ಲುತ್ತಿತ್ತಂತೆ. ಪುಟದ ಕೊನೆಯಲ್ಲಿ ಅವನು ನಮ್ಮನ್ನೇ ಒಂದು ಪ್ರಶ್ನೆ ಕೇಳಿದ್ದಾನೆ: “ಹಾಗಾದರೆ ಆಗ ಮಂಗಳೂರಿನವರೂ ಇಲ್ಲಿಗೆ ಬರುತ್ತಿದ್ದರೇ?” ಬರುತ್ತಿದ್ದರು ಮಗೂ, ಬರುತ್ತಿದ್ದರು.