ಹತ್ತಿರದ ಆರೈಕೆ ಮೊದಲು, ದೂರದ ದಾರಿ ಆಮೇಲೆ
(ಕಾರವಾರ–ಅಂಕೋಲೆಯ ಆಂಬ್ಯುಲೆನ್ಸ್ ಸೇವೆ ಕಲಿಸುವ ಪಾಠ)

ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಮಲಗಿಸಿ, ಗಳುವಿಗೆ ಕಟ್ಟಿ, ನಾಲ್ವರು ಹೆಗಲುಕೊಟ್ಟು ಹೊಳೆ ದಾಟಿಸಿ ವೈದ್ಯರ ಬಳಿಗೆ ತರುತ್ತಿದ್ದ ದಿನಗಳನ್ನು ಉತ್ತರ ಕನ್ನಡದ ಹಿರಿಯರು ಇನ್ನೂ ಮರೆತಿಲ್ಲ. ಇಂದು ಆ ಹೆಗಲುಗಳ ಸ್ಥಾನದಲ್ಲಿ 108 ಎಂಬ ಮೂರು ಅಂಕೆಗಳಿವೆ. ಕರೆ ಮಾಡಿದರೆ ವಾಹನ ಬರುತ್ತದೆ ಎಂಬ ನಂಬಿಕೆ ಹಳ್ಳಿಹಳ್ಳಿಗೂ ತಲುಪಿದೆ. ಆದರೆ ಆ ವಾಹನವನ್ನು ಜನರು ಯಾವ ಕಾರಣಕ್ಕೆ ಕರೆಯುತ್ತಾರೆ, ಅದು ಎಷ್ಟು ದೂರ ಓಡಬೇಕಾಗುತ್ತದೆ ಎಂಬುದು ಈ ಹದಿನೈದು–ಹದಿನಾರು ವರ್ಷಗಳಲ್ಲಿ ಬಹಳ ಬದಲಾಗಿದೆ. ಈ ಬದಲಾವಣೆಯನ್ನು ಅರಿತರೆ ಸಂಕಟದ ಹೊತ್ತಿನಲ್ಲಿ ನಾವು ಕೈಗೊಳ್ಳುವ ನಿರ್ಧಾರವೂ ಬದಲಾಗಬೇಕಾಗುತ್ತದೆ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಕಾರವಾರ ಮತ್ತು ಅಂಕೋಲೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸೋಣ.

ಸೇವೆ ಬೆಳೆದ ಬಗೆ

108 ಸೇವೆ ಮೊದಲು ಆರಂಭವಾದುದು 2005ರಲ್ಲಿ, ಹೈದರಾಬಾದಿನಲ್ಲಿ. ಕರ್ನಾಟಕದಲ್ಲಿ ಇದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಕಾಲಿಟ್ಟಿತು. ಆರಂಭದ ವರ್ಷಗಳಲ್ಲಿ ಈ ವಾಹನವನ್ನು ಕರೆದವರಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಗರ್ಭಿಣಿಯರ ಮನೆಯವರೇ ಹೆಚ್ಚು. ಮನೆಯಲ್ಲಿ ನಡೆಯುತ್ತಿದ್ದ ಹೆರಿಗೆಯನ್ನು ಆಸ್ಪತ್ರೆಗೆ ತರುವ ಸರ್ಕಾರದ ಪ್ರಯತ್ನಕ್ಕೆ ಈ ವಾಹನ ದೊಡ್ಡ ಆಸರೆಯಾಯಿತು. ಹೆರಿಗೆಯ ನಂತರ ತಾಯಿ–ಮಗುವನ್ನು ಮನೆಗೆ ಮುಟ್ಟಿಸಲು ‘ನಗು–ಮಗು’ ವಾಹನಗಳೂ ಬಂದವು. ಆ ಪ್ರಯಾಣಗಳು ಬಹುಮಟ್ಟಿಗೆ ಚಿಕ್ಕವು: ಹಳ್ಳಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ತಾಲ್ಲೂಕು ಆಸ್ಪತ್ರೆಗೆ.

ಹೆರಿಗೆಯ ಕರೆಗಳು ಇಂದಿಗೂ ಇವೆ. ಅವುಗಳ ಜೊತೆಗೆ ಎದೆನೋವು, ಪಾರ್ಶ್ವವಾಯು, ಉಸಿರಾಟದ ತೊಂದರೆ, ಹೆದ್ದಾರಿಯ ಅಪಘಾತ ಇವೂ ಸೇರಿಕೊಂಡಿವೆ. ಇದಕ್ಕೆ ಕಾರಣಗಳು ಕಣ್ಣೆದುರೇ ಇವೆ. ರಕ್ತದೊತ್ತಡ ಮತ್ತು ಮಧುಮೇಹ ಈಗ ಪೇಟೆಯವರ ಕಾಯಿಲೆಗಳಾಗಿ ಉಳಿದಿಲ್ಲ. ಮಕ್ಕಳು ಬೆಂಗಳೂರು, ಮುಂಬೈ, ಗೋವೆಗಳಿಗೆ ದುಡಿಯಲು ಹೋದ ಮೇಲೆ ಮನೆಯಲ್ಲಿ ಉಳಿದವರು ವೃದ್ಧರು ಮಾತ್ರ. ನಡುರಾತ್ರಿ ಎದೆನೋವು ಬಂದರೆ ಅವರನ್ನು ಎತ್ತಿ ಕೂರಿಸುವವರೂ ಇಲ್ಲ. ಕರಾವಳಿಯ ಉದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಅಗಲವಾದಂತೆ ವಾಹನಗಳ ವೇಗವೂ ಹೆಚ್ಚಿತು. ಹೀಗಾಗಿ, ಒಂದು ಕಾಲಕ್ಕೆ ಮುಖ್ಯವಾಗಿ ಬಾಣಂತಿಯರ ವಾಹನವೆನಿಸಿದ್ದು ಇಂದು ವೃದ್ಧರ, ಹೃದ್ರೋಗಿಗಳ, ಗಾಯಾಳುಗಳ ವಾಹನವೂ ಆಗಿದೆ.

ದೂರವೇ ದೊಡ್ಡ ಕಾಯಿಲೆ

ಮಹಾನಗರದಲ್ಲಿಯೂ ಬೇಡಿಕೆ ಬದಲಾಗಿದೆ, ಆದರೆ ಬೇರೆ ರೀತಿಯಲ್ಲಿ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳು ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಅಡ್ಡಿಯಾಗಿರುವುದು ವಾಹನ ದಟ್ಟಣೆ. ಆದ್ದರಿಂದಲೇ 2015ರಲ್ಲಿ ಅಲ್ಲಿ ಬೈಕ್ ಆಂಬ್ಯುಲೆನ್ಸ್‌ಗಳನ್ನು ರಸ್ತೆಗಿಳಿಸಲಾಯಿತು. ರೋಗಿಯ ಬಳಿಗೆ ಬೇಗ ತಲುಪುವುದು ಅಲ್ಲಿನ ಅಗತ್ಯ. ಕಾರವಾರ–ಅಂಕೋಲೆಗಳಲ್ಲಿ ಅಗತ್ಯ ಬೇರೆಯದು. ರೋಗಿಯನ್ನು ಹತ್ತಿಸಿಕೊಂಡ ಮೇಲೆ ಆರಂಭವಾಗುವ ಸುದೀರ್ಘ ಪ್ರಯಾಣದಲ್ಲಿ ಅವನ ಜೀವವನ್ನು ಕಾಯುವುದು ಇಲ್ಲಿನ ಸವಾಲು.

ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಅದಕ್ಕೆ ಹೊಂದಿಕೊಂಡು ಕ್ರಿಮ್ಸ್ ಎಂದು ಕರೆಯಲಾಗುವ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಂಕೋಲೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಆದರೆ ಮೆದುಳಿನ ಶಸ್ತ್ರಚಿಕಿತ್ಸೆ, ಹೃದಯದ ತೆರೆದ ಶಸ್ತ್ರಚಿಕಿತ್ಸೆಗಳಂತಹ ಅತಿವಿಶೇಷ ಚಿಕಿತ್ಸೆಗೆ ಈ ಭಾಗದ ಜನರು ಬಹುಕಾಲದಿಂದ ಜಿಲ್ಲೆಯ ಹೊರಗೇ ನೋಡುತ್ತ ಬಂದಿದ್ದಾರೆ. ಉತ್ತರಕ್ಕೆ ಗೋವೆಯ ಬಾಂಬೋಳಿಯಲ್ಲಿರುವ ವೈದ್ಯಕೀಯ ಕಾಲೇಜು, ಕಾರವಾರದಿಂದ ಸುಮಾರು 90 ಕಿಲೋಮೀಟರ್. ಪೂರ್ವಕ್ಕೆ ಹುಬ್ಬಳ್ಳಿ, ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಸುಮಾರು 135 ಕಿಲೋಮೀಟರ್. ದಕ್ಷಿಣಕ್ಕೆ ಮಣಿಪಾಲ, ಕಾರವಾರದಿಂದ ಸುಮಾರು 200 ಕಿಲೋಮೀಟರ್. ಗೋವೆಯ ಆಸ್ಪತ್ರೆಯು 2018ರ ಜನವರಿಯಿಂದ ಹೊರರಾಜ್ಯದ ರೋಗಿಗಳಿಗೆ ಶುಲ್ಕ ವಿಧಿಸಿದಾಗ ಹೆಚ್ಚು ಬಿಸಿ ತಟ್ಟಿದವರಲ್ಲಿ ಕಾರವಾರದ ಬಡವರೂ ಇದ್ದರು. ಘಟ್ಟದ ಮೇಲಿನ ನಮ್ಮ ಸದ್ಭಕ್ತರು ಹುಬ್ಬಳ್ಳಿಯ ಬೀದಿಗಳಲ್ಲಿ ಕರಾವಳಿಯ ಆಂಬ್ಯುಲೆನ್ಸ್‌ಗಳನ್ನು ಕಂಡಿದ್ದರೆ, ಅವು ಎಷ್ಟು ದೂರದಿಂದ ಬಂದಿವೆಯೆಂಬುದನ್ನು ಇದರಿಂದ ಅಂದಾಜಿಸಬಹುದು.

ಈ ದಾರಿಗಳೂ ಸದಾ ತೆರೆದಿರುವುದಿಲ್ಲ. 2021ರ ಜುಲೈ ತಿಂಗಳ ಮಹಾಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿಯ ದಾರಿ ಕಡಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಜೀವ ಕಳೆದುಕೊಂಡರು. ದಕ್ಷಿಣದ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮುಂದಿನ ತಿಂಗಳು, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಗೋವೆಯ ದಾರಿಗೆ ಪಕ್ಕದ ಹೊಸ ಸೇತುವೆಯೊಂದೇ ಆಸರೆಯಾಯಿತು.

ದೂರದ ಓಟದಲ್ಲಿ ಅಪಾಯವೂ ಉಂಟು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಮಳೆಯಲ್ಲಿ ಜಾರಿ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ಮೃತಪಟ್ಟರು. ಆ ಸ್ಥಳದ ಹೆಸರೂ ಶಿರೂರೇ, ಆದರೆ ಅದು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನದು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಉತ್ತರ ಕನ್ನಡದ ಜನರ ಕೂಗು ಈ ದುರಂತದ ನಂತರ ಇನ್ನಷ್ಟು ಬಲಗೊಂಡಿತು.

ಒಂದು ಓಟದ ನಿಜವಾದ ಬೆಲೆ

ಇಲ್ಲಿ ನಾವೆಲ್ಲ ಗಮನಿಸಬೇಕಾದ ಒಂದು ಲೆಕ್ಕವಿದೆ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೊರಟ ಆಂಬ್ಯುಲೆನ್ಸ್ ಘಟ್ಟ ಹತ್ತಿ ತಲುಪಲು ಮೂರು ಗಂಟೆ ಎಂದಿಟ್ಟುಕೊಳ್ಳೋಣ. ರೋಗಿಯನ್ನು ಒಪ್ಪಿಸಿ ಮರಳಿ ಬರುವಷ್ಟರಲ್ಲಿ ಆರೇಳು ಗಂಟೆ ಕಳೆದಿರುತ್ತದೆ. ಅಷ್ಟು ಹೊತ್ತು ಆ ವಾಹನ ತನ್ನ ತಾಲ್ಲೂಕಿಗೆ ಇಲ್ಲ. ಆ ನಡುವೆ ಗಂಗಾವಳಿಯ ದಡದಲ್ಲಿ ಗರ್ಭಿಣಿಯೊಬ್ಬಳಿಗೆ ರಕ್ತಸ್ರಾವವಾದರೆ, ಇನ್ನೊಂದು ಕಡೆಯ ವಾಹನ ಅಲ್ಲಿಗೆ ಬರಬೇಕು. ಒಬ್ಬ ರೋಗಿಯ ದೀರ್ಘ ಪ್ರಯಾಣದ ಬೆಲೆಯನ್ನು ಮುಂದಿನ ರೋಗಿ ತೆರುತ್ತಾನೆ. ಆದುದರಿಂದ ಯಾವ ಪ್ರಯಾಣ ಅನಿವಾರ್ಯ, ಯಾವುದು ಅಲ್ಲ ಎಂಬುದು ಒಂದು ಮನೆಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ, ಊರಿಗೇ ಸಂಬಂಧಿಸಿದ್ದು. ಮೊದಲೇ ಗೊತ್ತಾದ ದಿನದ ತಪಾಸಣೆಗೆ, ಡಯಾಲಿಸಿಸ್‌ಗೆ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆಗೆ ಬರಲಿಕ್ಕೆ ಬೇರೆ ವಾಹನವನ್ನು ಗೊತ್ತುಮಾಡಿಕೊಂಡು, ತುರ್ತು ವಾಹನವನ್ನು ತುರ್ತಿಗೇ ಉಳಿಸುವುದು ಒಂದು ಬಗೆಯ ದಾಸೋಹವೆಂದೇ ನಾವು ಭಾವಿಸುತ್ತೇವೆ.

ಎದೆನೋವು ಬಂದಾಗ

ಎದೆಯ ನಡುವೆ ಹಿಂಡಿದಂತಹ ನೋವು, ಅದು ಎಡತೋಳಿಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು – ಇವು ಹೃದಯಾಘಾತದ ಲಕ್ಷಣಗಳು. ಮಧುಮೇಹಿಗಳಲ್ಲಿ, ಸ್ತ್ರೀಯರಲ್ಲಿ, ವೃದ್ಧರಲ್ಲಿ ನೋವಿಲ್ಲದೆ ಕೇವಲ ಸುಸ್ತು, ಹೊಟ್ಟೆ ತೊಳಸುವಿಕೆ ಮಾತ್ರ ಕಾಣಿಸಿಕೊಳ್ಳಬಹುದು. ಇದನ್ನು ‘ಗ್ಯಾಸ್’ ಎಂದು ಬಗೆದು ಬೆಳಗಾಗಲಿ ಎಂದು ಕಾಯುವುದು ಅಪಾಯ.

ಅನುಕೂಲಸ್ಥರು ಇಂತಹ ಹೊತ್ತಿನಲ್ಲಿ ರೋಗಿಯನ್ನು ಕಾರಿನಲ್ಲಿ ಕೂರಿಸಿ ನೇರವಾಗಿ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೊರಡುವುದುಂಟು. ಅದು ಪ್ರೀತಿಯಿಂದ ಮಾಡುವ ಕೆಲಸ, ಆದರೆ ಹಿತವಲ್ಲ. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡಾಗ ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ರೋಗ ಪತ್ತೆಯಾದ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಮೊದಲು ಕೊಡಬೇಕೆಂಬುದು ಹೃದ್ರೋಗ ತಜ್ಞರು ಒಪ್ಪಿದ ಕ್ರಮ. ಆ ಚುಚ್ಚುಮದ್ದು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು, ಅದಕ್ಕೆ ಇ.ಸಿ.ಜಿ. ಬೇಕು. ಮೂರು ಗಂಟೆ ಕಾರಿನಲ್ಲಿ ಕಳೆದ ರೋಗಿಗೆ ಈ ಎರಡೂ ತಪ್ಪಿಹೋಗಿರುತ್ತವೆ.

ರಾಜ್ಯ ಸರ್ಕಾರವು ಡಾ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ನಡೆಸುತ್ತಿರುವ ‘ಹೃದಯ ಜ್ಯೋತಿ’ ಯೋಜನೆಯ ತಿರುಳೂ ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೇ ನೋಡಿ ಸಲಹೆ ನೀಡುತ್ತಾರೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಆನಂತರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂಬುದನ್ನು ಸದ್ಭಕ್ತರು ಆರೋಗ್ಯವಾಗಿರುವಾಗಲೇ ವಿಚಾರಿಸಿ ತಿಳಿದಿರುವುದು ಲೇಸು.

ಉಳಿದ ತುರ್ತುಗಳು

ಪಾರ್ಶ್ವವಾಯುವಿನಲ್ಲಿ ಮುಖ ಒಂದು ಕಡೆಗೆ ವಾಲುತ್ತದೆ, ಒಂದು ಕೈ ಮೇಲೇಳುವುದಿಲ್ಲ, ಮಾತು ತೊದಲುತ್ತದೆ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ನಾಲ್ಕೂವರೆ ಗಂಟೆಯೊಳಗೆ ಚುಚ್ಚುಮದ್ದು ನೀಡಬಹುದು, ಆದರೆ ಅದಕ್ಕೆ ಮುನ್ನ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಆದ್ದರಿಂದ ಲಕ್ಷಣ ಕಂಡ ಸಮಯವನ್ನು ಬರೆದಿಟ್ಟುಕೊಂಡು, ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ರೋಗಿಯ ಬಾಯಿಗೆ ನೀರು, ಔಷಧ ಹಾಕಬಾರದು.

ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗಾಗಿ ಅಲೆಯುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತರಬೇಕು.

ಗರ್ಭಿಣಿಯರ ವಿಷಯದಲ್ಲಿ ಮುಂದಾಲೋಚನೆಯೇ ಉತ್ತಮ ಆಂಬ್ಯುಲೆನ್ಸ್. ರಕ್ತದೊತ್ತಡ, ರಕ್ತಹೀನತೆ, ಹಿಂದಿನ ಸಿಸೇರಿಯನ್ ಇರುವವರು ಮಳೆಗಾಲದಲ್ಲಿ ದಿನ ತುಂಬುವ ಮೊದಲೇ ದೊಡ್ಡ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಬಂದಿರುವುದು ಕ್ಷೇಮ.

ಕರೆ ಮಾಡುವಾಗ

108ಕ್ಕೆ ಕರೆ ಮಾಡಿದವರು ಮೊದಲು ಊರು, ತಾಲ್ಲೂಕು, ಹತ್ತಿರದ ಗುರುತನ್ನು ಹೇಳಬೇಕು. ಶಿರೂರು ಎಂಬ ಹೆಸರಿನ ಊರುಗಳು ಎರಡು ಜಿಲ್ಲೆಗಳಲ್ಲಿ ಇರುವುದನ್ನು ಮೇಲೆ ಕಂಡೆವು. ಆದ್ದರಿಂದ ತಾಲ್ಲೂಕಿನ ಹೆಸರನ್ನು ಬಿಡಬಾರದು. ಬಳಿಕ ರೋಗಿಗೆ ಎಚ್ಚರವಿದೆಯೇ, ಉಸಿರಾಟ ಸರಿಯಿದೆಯೇ ಎಂದು ತಿಳಿಸಬೇಕು. ಕರೆ ಮಾಡಿದ ಫೋನನ್ನು ಬೇರೆ ಮಾತಿಗೆ ಬಳಸದೆ ಬಿಟ್ಟಿರಬೇಕು. ರಾತ್ರಿಯಾದರೆ ಒಬ್ಬರು ದೀಪ ಹಿಡಿದು ಮುಖ್ಯ ರಸ್ತೆಗೆ ಬಂದು ನಿಲ್ಲಬೇಕು. ಹಳೆಯ ಚೀಟಿಗಳು, ಸೇವಿಸುತ್ತಿರುವ ಮಾತ್ರೆಗಳು, ಆಧಾರ್ ಮತ್ತು ಪಡಿತರ ಚೀಟಿಗಳು ಒಂದೇ ಚೀಲದಲ್ಲಿದ್ದರೆ ಹುಡುಕಾಟ ತಪ್ಪುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಚಿಕಿತ್ಸೆಗೆ ಮೊದಲೇ ಶಿಫಾರಸು ಪತ್ರ ತರಬೇಕೆಂಬ ನಿಯಮವಿಲ್ಲ ಎಂಬುದೂ ತಿಳಿದಿರಲಿ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳುಹಿಸುವಾಗ ಮನೆಯವರು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ಹೋಗುವ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಲಾಗಿದೆಯೇ? ಅಲ್ಲಿ ಹಾಸಿಗೆಯಿದೆಯೇ? ಈ ರೋಗಿಗೆ ಸಾಮಾನ್ಯ ಆಂಬ್ಯುಲೆನ್ಸ್ ಸಾಕೇ, ವೆಂಟಿಲೇಟರ್ ಮತ್ತು ಹೃದಯದ ಗತಿ ನೋಡುವ ಯಂತ್ರವುಳ್ಳದ್ದು ಬೇಕೇ? ಖಾಲಿ ವ್ಯಾನಿಗೆ ಕೆಂಪು ದೀಪ ಕಟ್ಟಿದ ಮಾತ್ರಕ್ಕೆ ಅದು ಎಲ್ಲ ರೋಗಿಗಳಿಗೂ ಸಲ್ಲುವ ಆಂಬ್ಯುಲೆನ್ಸ್ ಆಗುವುದಿಲ್ಲ.

ಸಮಾಜದ ಹೊಣೆ

ಆಂಬ್ಯುಲೆನ್ಸ್‌ಗೆ ದಾರಿ ಬಿಡದಿದ್ದರೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ವಿಧಿಸುತ್ತದೆ. ಗಾಯಾಳುವಿಗೆ ನೆರವಾದವರಿಗೆ ಅದೇ ಕಾಯ್ದೆ ರಕ್ಷಣೆಯನ್ನೂ ನೀಡಿದೆ. ಸಾಕ್ಷಿಯಾಗಿ ನಿಲ್ಲಲೇಬೇಕೆಂಬ ಬಲವಂತವಿಲ್ಲ. ಜಾತ್ರೆ, ರಥೋತ್ಸವಗಳ ಜನಜಂಗುಳಿಯಲ್ಲಿ ಆಂಬ್ಯುಲೆನ್ಸ್‌ಗೆಂದು ಒಂದು ದಾರಿಯನ್ನು ಮೊದಲೇ ಬಿಟ್ಟಿರುವುದು ಎಲ್ಲ ಮಠ–ಮಂದಿರಗಳ ಕರ್ತವ್ಯ.

ಮಳೆಗಾಲದ ಕತ್ತಲಲ್ಲಿ ಘಟ್ಟವೇರುವ ಚಾಲಕ, ಹಿಂದೆ ರೋಗಿಯ ನಾಡಿ ಹಿಡಿದು ಕುಳಿತ ಶುಶ್ರೂಷಕಿ – ಇವರ ಕಾಯಕಕ್ಕೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಅವರು ಓಡಬೇಕಾದ ದೂರವನ್ನು ಕಡಿಮೆ ಮಾಡುವುದು. ಜಿಲ್ಲೆಯಲ್ಲಿಯೇ ತಜ್ಞರೂ ಉಪಕರಣಗಳೂ ದೊರೆಯಲಿ ಎಂದು ಪಕ್ಷಭೇದವಿಲ್ಲದೆ ಒತ್ತಾಯಿಸುವುದು ಅದರ ಒಂದು ಮುಖ. ರಕ್ತದೊತ್ತಡ, ಸಕ್ಕರೆ ಪ್ರಮಾಣಗಳನ್ನು ಕಾಲಕಾಲಕ್ಕೆ ನೋಡಿಸಿಕೊಂಡು, ತಂಬಾಕನ್ನು ತೊರೆದು, ವಾಹನವನ್ನು ಕರೆಯುವ ಪ್ರಸಂಗವೇ ಬಾರದಂತೆ ಬಾಳುವುದು ಇನ್ನೊಂದು ಮುಖ. ಮೊದಲನೆಯದಕ್ಕೆ ಕಾಲ ಹಿಡಿದೀತು. ಎರಡನೆಯದನ್ನು ಪ್ರತಿ ಮನೆಯೂ ಇಂದೇ ಆರಂಭಿಸಬಹುದು.