ಪೋಷಕತ್ವದ ಮಗುವಿಗೊಂದು ಕೋಣೆ

ಮನೆಗೆ ಹೊಸ ಜೀವವೊಂದು ಬರುವುದೆಂದರೆ ಸಂಭ್ರಮ. ತೊಟ್ಟಿಲನ್ನು ತೊಳೆದು, ಹಳೆಯ ಸೀರೆಗಳನ್ನು ಆರಿಸಿ ಕೌದಿ ಹೊಲಿಸಿ, ಕುಲಾಯಿ ಕುಂಚಿಗೆಗಳನ್ನು ಅಣಿಗೊಳಿಸಿ ಕೂಸಿನ ಹಾದಿ ಕಾಯುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ರೂಢಿ. ಆದರೆ ತೊಟ್ಟಿಲ ವಯಸ್ಸನ್ನು ದಾಟಿದ ಮಗುವೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ಪರಿಚಯವಿಲ್ಲದ ಮನೆಯ ಹೊಸ್ತಿಲಲ್ಲಿ ಬಂದು ನಿಂತರೆ ಆ ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ ಯಾವುದು? ಪೋಷಕತ್ವ ಯೋಜನೆಯಡಿ ಮಗುವನ್ನು ಬರಮಾಡಿಕೊಳ್ಳಲು ಮನಸ್ಸು ಮಾಡಿದ ಕುಟುಂಬಗಳಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಮಧ್ಯಮ ವರ್ಗದ ಮನೆಯೊಂದು ತನ್ನ ಶಕ್ತ್ಯನುಸಾರ ಇದಕ್ಕೆ ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ದತ್ತಕವೇ ಬೇರೆ, ಪೋಷಕತ್ವವೇ ಬೇರೆ

ಕೋಣೆಯ ವಿಚಾರಕ್ಕೆ ಮೊದಲು ಕಾನೂನಿನ ಒಂದೆರಡು ಸಂಗತಿಗಳನ್ನು ತಿಳಿದಿರುವುದು ಅವಶ್ಯ. ದತ್ತಕದಲ್ಲಿ ಮಗು ಶಾಶ್ವತವಾಗಿ ಆ ಮನೆಯದಾಗುತ್ತದೆ. ಪೋಷಕತ್ವದಲ್ಲಾದರೋ, 2015ರ ಬಾಲನ್ಯಾಯ ಕಾಯ್ದೆಯ 44ನೆಯ ಪ್ರಕರಣದಂತೆ, ಮಕ್ಕಳ ಕಲ್ಯಾಣ ಸಮಿತಿಯು ಅಲ್ಪಕಾಲಕ್ಕೋ ದೀರ್ಘಕಾಲಕ್ಕೋ ಮಗುವನ್ನು ಒಂದು ಕುಟುಂಬದ ಆರೈಕೆಗೆ ಒಪ್ಪಿಸುತ್ತದೆ. ಮಗುವಿನ ಹಿತಕ್ಕೆ ಬಾಧಕವಿಲ್ಲವಾದರೆ ಹೆತ್ತವರು ಆಗಾಗ ಬಂದು ನೋಡಿಹೋಗಬಹುದು. ಅವರು ಮಗುವನ್ನು ಸಾಕಲು ಯೋಗ್ಯರೆಂದು ಸಮಿತಿಗೆ ಮನವರಿಕೆಯಾದಾಗ ಮಗು ಅವರ ಬಳಿಗೆ ಮರಳಲೂಬಹುದು. ಪೋಷಕ ಕುಟುಂಬದಲ್ಲಿ ಮಗು ಹೇಗಿದೆಯೆಂದು ಸಮಿತಿಯು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂಬ ವಿಧಿಯೂ ಇದೆ.

2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಪರಿಷ್ಕೃತ ಮಾದರಿ ಮಾರ್ಗಸೂಚಿಯು ಮುಖ್ಯವಾಗಿ ಆರು ವರ್ಷಕ್ಕೆ ಮೇಲ್ಪಟ್ಟ, ಬಾಲಮಂದಿರಗಳಂತಹ ಸಂಸ್ಥೆಗಳಲ್ಲಿರುವ ಮಕ್ಕಳನ್ನು ಗಮನದಲ್ಲಿರಿಸಿಕೊಂಡಿದೆ. ದಂಪತಿಗಳಷ್ಟೇ ಅಲ್ಲದೆ, 35ರಿಂದ 60 ವರ್ಷದೊಳಗಿನ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಸಹ ಪೋಷಕರಾಗಲು ಈಗ ಅವಕಾಶವಿದೆ. ಮಗುವನ್ನು ಮುಂದೆ ದತ್ತು ಪಡೆಯಲು ಇಚ್ಛಿಸುವವರು ಮೊದಲು ಐದು ವರ್ಷ ಕಾಯಬೇಕಾಗಿತ್ತು. ಆ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಲಾಗಿದೆ. ಆಸಕ್ತರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಬಹುದು.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಬರುವ ಮಗು ಬಹುಮಟ್ಟಿಗೆ ಶಾಲೆಗೆ ಹೋಗುವ ವಯಸ್ಸಿನದು. ತನ್ನದೇ ಇಷ್ಟಾನಿಷ್ಟಗಳೂ ನೆನಪುಗಳೂ ಅದಕ್ಕಿವೆ. ಎರಡನೆಯದಾಗಿ, ಅದು ಎಷ್ಟು ಕಾಲ ಇರುವುದೆಂದು ಮೊದಲೇ ಹೇಳಲಾಗದು. ಆದಕಾರಣ ಕೋಣೆಯ ಅಲಂಕಾರವು, ಮಗು ಇರುವಷ್ಟು ದಿನ ಅದರದೇ ಆಗಿರುವಂತೆಯೂ, ಹೊರಡುವ ದಿನ ಬಂದರೆ ಅದರ ಜೊತೆ ಹೋಗುವಂತೆಯೂ ಇರಬೇಕು. ಗೋಡೆಗೆ ಹಾಕುವ ಹಣವನ್ನು ಕಡಿಮೆ ಮಾಡಿ, ಮಗು ಒಯ್ಯಬಹುದಾದ ವಸ್ತುಗಳಿಗೆ ಹೆಚ್ಚು ಕೊಡುವುದು ಉಚಿತ. ಅಲ್ಪ ವೆಚ್ಚದ ಗುಟ್ಟೂ ಇದರಲ್ಲಿಯೇ ಅಡಗಿದೆ.

ಐದು ಸಾವಿರದ ಮಿತಿಯಲ್ಲಿ

2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಪೋಷಕತ್ವದ ಮಗುವಿಗೆ ತಿಂಗಳಿಗೆ 4,000 ರೂಪಾಯಿಗಳ ನೆರವು ನಿಗದಿಯಾಗಿದೆ. ಅದು ಊಟ, ಬಟ್ಟೆ, ವಿದ್ಯೆಗಳಿಗೆ ಮೀಸಲಾಗಬೇಕಾದ ಹಣ. ಕೋಣೆಯ ವೆಚ್ಚವನ್ನು ಮನೆಯವರೇ ಭರಿಸುವುದು ಒಳ್ಳೆಯದು. ಊರಿಂದೂರಿಗೆ ಬೆಲೆಗಳು ಬೇರೆಯಾದರೂ, ಐದು ಸಾವಿರ ರೂಪಾಯಿಗಳ ಮಿತಿಯೊಂದನ್ನು ಹಾಕಿಕೊಂಡು ಅದನ್ನು ಹೀಗೆ ಹಂಚಬಹುದು: ಹತ್ತಿಯ ಗಾದಿ ಮತ್ತು ದಿಂಬಿಗೆ 1,700, ತಗಡಿನ ಟ್ರಂಕಿಗೆ 1,000, ಬಣ್ಣಕ್ಕೆ 600, ಕೌದಿಯ ಹೊಲಿಗೆ ಕೂಲಿಗೆ 600, ಸಣ್ಣ ರಾತ್ರಿದೀಪ ಹಾಗೂ ಓದುವ ದೀಪಕ್ಕೆ 300, ಆಟಿಕೆಗಳಿಗೆ 300. ಉಳಿದ 500 ರೂಪಾಯಿಗಳನ್ನು ಮುಟ್ಟದೆ ಇಡಬೇಕು. ಮಗು ಬಂದ ವಾರದಲ್ಲಿ ಅದನ್ನು ಪೇಟೆಗೆ ಕರೆದೊಯ್ದು, ತನ್ನ ಮೂಲೆಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳಲು ಬಿಡಬೇಕು. ಅದು ಆರಿಸಿದ ವಸ್ತು ದೊಡ್ಡವರಿಗೆ ಅಂದವೆನಿಸದಿದ್ದರೂ ಚಿಂತೆಯಿಲ್ಲ.

ಮಂಚ, ಮೇಜು, ಗೂಡುಗಳನ್ನು ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ. ಅಟ್ಟದ ಮೇಲಿನ ಹಳೆಯ ಮೇಜನ್ನು ಉಜ್ಜಿ ಬಣ್ಣ ಕೊಟ್ಟರೆ ಸಾಕು. ಪ್ರತ್ಯೇಕ ಕೋಣೆ ಇಲ್ಲದ ಮನೆಯಲ್ಲಿ ಪಡಸಾಲೆಯ ಒಂದು ಮೂಲೆಯೂ ಆದೀತು. ಅಲ್ಲಿ ಬೇರೆಯವರ ಸಾಮಾನು ಬಂದು ಬೀಳದಂತೆ ನೋಡಿಕೊಂಡರಾಯಿತು. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರ ಹಾಸಿಗೆಗೂ ಈ ಹಾಸಿಗೆಗೂ ಭೇದ ಕಾಣಬಾರದು. ಒಬ್ಬರಿಗೆ ಮಂಚ, ಇನ್ನೊಬ್ಬರಿಗೆ ಚಾಪೆ ಎಂಬುದನ್ನು ಮಗು ಮೊದಲ ರಾತ್ರಿಯೇ ಗುರುತಿಸುತ್ತದೆ.

ಯಾವ ಚಿತ್ರ, ಯಾವ ಬಣ್ಣ?

ಇಡೀ ಕೋಣೆಗೆ ಒಂದೇ ವಿಷಯವನ್ನು ಆಧಾರವಾಗಿಟ್ಟುಕೊಂಡರೆ ಅಲಂಕಾರಕ್ಕೆ ಒಂದು ಹೊಂದಿಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ವಿದೇಶೀ ವ್ಯಂಗ್ಯಚಿತ್ರಗಳ ಹಾಳೆಗಳಿಗೆ ಹಣ ಸುರಿಯುವ ಬದಲು ನಮ್ಮ ಸುತ್ತಲಿನ ಬದುಕಿನತ್ತ ನೋಡಬಹುದು. ಉತ್ತರ ಕರ್ನಾಟಕದ ಮಗುವಿಗೆ ಹೊಲವೂ ಮಳೆಯೂ ಎತ್ತುಗಳೂ ಪರಿಚಿತ. ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಎರೆಮಣ್ಣಿನಿಂದ ಜೋಡೆತ್ತು ಮಾಡಿ ಪೂಜಿಸುವುದು ಅಲ್ಲಿಯ ಮಕ್ಕಳಿಗೆ ಆಟವೂ ಹೌದು, ಹಬ್ಬವೂ ಹೌದು. ಆ ಮಣ್ಣೆತ್ತುಗಳನ್ನು ಒಣಗಿಸಿ, ಬಣ್ಣ ಬಳಿದು ಗೂಡಿನಲ್ಲಿಟ್ಟರೆ ಕಾಸಿನ ಖರ್ಚಿಲ್ಲದ ಅಲಂಕಾರವಾಯಿತು. ಒಂದು ಗೋಡೆಗೆ ಮಾತ್ರ ತಿಳಿಹಸಿರು ಬಣ್ಣ ಹಚ್ಚಿ, ಕೌದಿಯಲ್ಲಿ ಹಸಿರು, ಹಳದಿ, ಕಂದು ತುಂಡುಗಳನ್ನು ಸಾಲುಸಾಲಾಗಿ ಜೋಡಿಸಿ ಹೊಲಿಸಿದರೆ ಅದೇ ಹೊಲದ ಪಟ್ಟೆಗಳಂತೆ ಕಾಣುತ್ತದೆ.

ಮಲೆನಾಡಿನ ಮಗುವಾದರೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆಯುವ ಚಿತ್ತಾರದ ರೇಖೆಗಳನ್ನು ಮಾದರಿಯಾಗಿಟ್ಟುಕೊಳ್ಳಬಹುದು. ಗೋಡೆಯ ಬದಲು ದಪ್ಪ ಕಾಗದದ ಮೇಲೋ ಬಟ್ಟೆಯ ಮೇಲೋ ಬರೆದರೆ ಸುತ್ತಿ ಒಯ್ಯಲು ಬರುತ್ತದೆ. ಹಕ್ಕಿಗಳನ್ನು ಮೆಚ್ಚುವ ಮಗುವಿಗೆ ನಮ್ಮ ರಾಜ್ಯಪಕ್ಷಿ ನೀಲಕಂಠದಿಂದ ಆರಂಭಿಸಿ, ಅಂಗಳದಲ್ಲಿ ಕಂಡ ಒಂದೊಂದು ಹಕ್ಕಿಯ ಚಿತ್ರವನ್ನು ಕತ್ತರಿಸಿ ದಾರಕ್ಕೆ ಪೋಣಿಸಬಹುದು. ಚನ್ನಪಟ್ಟಣದ ಅರಗಿನ ಬಣ್ಣದ ಒಂದೆರಡು ಗೊಂಬೆಗಳು, ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯ ನಾಲ್ಕಾರು ಪುಸ್ತಕಗಳು ಇದ್ದರೆ ಮತ್ತೆ ಹೆಚ್ಚಿನದು ಬೇಡ.

ಇಷ್ಟೆಲ್ಲವನ್ನೂ ಮಗು ಬರುವ ಮೊದಲೇ ಮುಗಿಸಿಬಿಡಬಾರದು. ಹಾಸಿಗೆ, ದೀಪ, ಟ್ರಂಕು ಸಿದ್ಧವಿರಲಿ, ಗೋಡೆ ಬರಿದಾಗಿರಲಿ. ಹೊಲವೋ ಹಕ್ಕಿಯೋ ರೈಲೋ ಎಂಬುದನ್ನು ಮಗುವೇ ಹೇಳಲಿ. ಕೆಲವು ಮಕ್ಕಳು ಹೇಳಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಬರಿ ಗೋಡೆಯಿಂದ ಯಾವ ನಷ್ಟವೂ ಇಲ್ಲ.

ರಾತ್ರಿಯ ಭಯ, ಹಗಲಿನ ಸುರಕ್ಷತೆ

ಬಾಲಮಂದಿರದಲ್ಲಿ ಹತ್ತಾರು ಮಕ್ಕಳೊಡನೆ ಮಲಗಿ ರೂಢಿಯಾದ ಮಗುವಿಗೆ ಒಂಟಿ ಕೋಣೆ ಭಯ ತರಬಹುದು. ಮೊದಲ ದಿನಗಳಲ್ಲಿ ದೊಡ್ಡವರ ಕಣ್ಣಳತೆಯಲ್ಲಿ ಹಾಸಿಗೆ ಹಾಕುವುದು ಲೇಸು. ರಾತ್ರಿದೀಪವಿರಲಿ, ಬಚ್ಚಲಿನ ದಾರಿಯಲ್ಲಿ ಬೆಳಕಿರಲಿ. ಭಯಗೊಂಡ ಮಕ್ಕಳು ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಸಾಮಾನ್ಯ. ಗಾದಿಯ ಮೇಲೆ ರಬ್ಬರ್ ಹಾಳೆ ಹಾಸಿ, ಅದರ ಮೇಲೆ ಹೊದಿಕೆ ಹಾಕಿ, ಒದ್ದೆಯಾದರೆ ಮಾತಿಲ್ಲದೆ ಬದಲಿಸಬೇಕು. ಬೈಗುಳವಂತೂ ಕೂಡದು, ನೆರೆಹೊರೆಯವರೆದುರು ಆ ವಿಷಯದ ಪ್ರಸ್ತಾಪವೂ ಕೂಡದು.

ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸದ ಅಂಶವಿರುವ ಸಂಭವವುಂಟು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಡಬ್ಬಿಗಳನ್ನು ಉಳಿತಾಯದ ಆಸೆಗೆ ಬಳಸಬಾರದು. ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿದರೆ ಧೂಳು ಏಳುತ್ತದೆ. ಒದ್ದೆ ಮಾಡಿಕೊಂಡು ಉಜ್ಜಬೇಕು, ಮಕ್ಕಳನ್ನು ದೂರವಿರಿಸಬೇಕು. ಎತ್ತರದ ಗೂಡನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯಬೇಕು. ಕಿಟಕಿಯ ಪರದೆಯ ದಾರಗಳು ಕೈಗೆಟುಕುವಂತೆ ಇಳಿಬಿದ್ದಿರಬಾರದು.

ಹೆತ್ತವರಿಗೊಂದು ತಾಣ

ಪೋಷಕರಿಗೆ ಕಷ್ಟವೆನಿಸಬಹುದಾದ ಸಂಗತಿಯೊಂದುಂಟು. ಮಗುವಿನ ಬಳಿ ತಂದೆ ತಾಯಿಯ ಭಾವಚಿತ್ರವಿದ್ದರೆ ಅದಕ್ಕೂ ಆ ಕೋಣೆಯಲ್ಲಿ ಸ್ಥಳ ದೊರೆಯಬೇಕು. ಅವರು ಮಗುವನ್ನು ಸರಿಯಾಗಿ ನೋಡಿಕೊಂಡಿರಲಿ, ಬಿಟ್ಟಿರಲಿ, ಅದರ ತೀರ್ಮಾನ ನಮ್ಮದಲ್ಲ. ಮಗು ಬೇರೆ ಮತದ ಮನೆಯಿಂದ ಬಂದು ತನ್ನ ದೇವರ ಪಟವೊಂದನ್ನು ತಂದಿದ್ದರೆ ಅದನ್ನೂ ಹಾಸಿಗೆಯ ಪಕ್ಕದಲ್ಲಿ ಇರಿಸಿಕೊಳ್ಳಲು ಬಿಡಬೇಕು.

ಕೋಣೆ ಚೆನ್ನಾಯಿತೆಂಬ ಹಿಗ್ಗಿನಲ್ಲಿ ಮಗುವನ್ನು ನಿಲ್ಲಿಸಿ ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಿಗೆ ಹಾಕುವ ಚಾಪಲ್ಯವನ್ನು ತಡೆದುಕೊಳ್ಳಬೇಕು. ಇಂಥ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ಅದೇ ಕಾಯ್ದೆಯ 74ನೆಯ ಪ್ರಕರಣ ನಿಷೇಧಿಸಿದೆ. ತೆಗೆದ ಚಿತ್ರಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿ, ದಿನಾಂಕ ಬರೆದು, ಶಾಲೆಯ ಅಂಕಪಟ್ಟಿ, ಮಗು ಬರೆದ ಚಿತ್ರಗಳ ಜೊತೆಗೆ ಟ್ರಂಕಿನಲ್ಲಿರಿಸುವುದು ಒಳ್ಳೆಯದು. ಊರೂರು ತಿರುಗಿದ ಮಗುವಿಗೆ ತನ್ನ ಬಾಲ್ಯದ ದಾಖಲೆ ಬೇರೆಲ್ಲೂ ಸಿಗಲಾರದು.

ಆ ಟ್ರಂಕಿಗೆ ಮಗುವಿನ ಹೆಸರನ್ನು ಬರೆಯಿಸಿ, ಬೀಗದ ಕೈಯನ್ನು ಅದಕ್ಕೇ ಕೊಟ್ಟುಬಿಡಬೇಕು. ಹೊರಡುವ ದಿನ ಬಂದರೆ ಕೌದಿ, ಗೊಂಬೆ, ಪುಸ್ತಕ, ಸುತ್ತಿದ ಚಿತ್ತಾರ, ನೆನಪಿನ ಪುಸ್ತಕ ಎಲ್ಲವೂ ಅದರೊಳಗೆ ಹೋಗಲಿ. ಮುಂದಿನ ಮಗುವಿಗೆಂದು ಯಾವುದನ್ನೂ ತಡೆದಿಟ್ಟುಕೊಳ್ಳುವುದು ಬೇಡ. ಆ ಮಗುವಿಗೆ ಬೇರೆ ಕೌದಿ ಹೊಲಿಸಿದರಾಯಿತು, ಹಳೆಯ ಸೀರೆಗಳಿಗೆ ನಮ್ಮ ಮನೆಗಳಲ್ಲಿ ಬರವಿಲ್ಲ. ಬೀಳ್ಕೊಡುವ ನೋವು ಪೋಷಕರಿಗೆ ಇದ್ದೇ ಇರುತ್ತದೆ. ಆದರೆ ಬಟ್ಟೆಯ ಚೀಲದೊಡನೆ ಬಂದ ಮಗು ತನ್ನ ಹೆಸರಿನ ತುಂಬಿದ ಪೆಟ್ಟಿಗೆಯೊಡನೆ ಹೊರಟಿತೆಂಬ ಸಮಾಧಾನ ಆ ಮನೆಗೆ ಉಳಿಯುತ್ತದೆ.