ಕರಿಘಟ್ಟದ ಮೇಲೆ ಎರಡು ಕ್ಯಾಮೆರಾ, ಜೇಬಲ್ಲಿ ಚೀಟಿ ದುಡ್ಡು!

ಚಿತ್ರರಸಿಕರೇ, ನಿಮ್ಮ ಬಸ್ಸಿಗೆ ಇನ್ನೂ ಹೊತ್ತಿದ್ದರೆ ನನ್ನ ಫಜೀತಿ ಕೊಂಚ ಕೇಳಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ವಾರವೆಲ್ಲ ಸಿನಿಮಾ ಬರಹ, ಲಗ್ನದ ದಿನ ಬಂದರೆ ಹೆಗಲಿಗೆ ಹಳೇ ಕ್ರಾಪ್ ಕ್ಯಾಮೆರಾ. ಹೋದ ತಿಂಗಳು ಅವ್ವ ಚೀಟಿ ಎತ್ತಿದ ದುಡ್ಡು ಕೈಗಿಟ್ಟು, "ಮನೆ ಸೋರ್ತದೆ ಕಣಪ್ಪ, ಹೆಂಚು ಹಾಕಿಸ್ಬೇಕು. ಆದ್ರೂ ನಿನ್ ಹೊಟ್ಟೆಪಾಡು ಮೊದ್ಲು ನೋಡ್ಕೊ" ಅಂದಳು. ಹೊಟ್ಟೆಪಾಡು ಅಂದರೆ ಕ್ಯಾಮೆರಾ. ಈಗ ಮದುವೆ ಮನೆಯವರೂ ಕೇಳುತ್ತಾರೆ, "ಫುಲ್ ಫ್ರೇಮಾ, ಕ್ರಾಪಾ?" ಕ್ರಾಪ್ ಅಂದರೆ ಸಾಕು, ಗಂಡಿನ ಮುಖ ಬಾಡುತ್ತೆ!

ಸರಿ, ನನ್ನ ಕಂಪನಿಯದೇ ಫುಲ್ ಫ್ರೇಮನ್ನು ಮೈಸೂರಿನಿಂದ ಒಂದು ದಿನಕ್ಕೆ ಬಾಡಿಗೆಗೆ ತಂದೆ. ಗೆಳೆಯನನ್ನು ಬೈಕಿಗೆ ಹತ್ತಿಸಿಕೊಂಡು ಬೆಳಗಿನ ಜಾವಕ್ಕೇ ಕರಿಘಟ್ಟ ಸೇರಿದೆ.

ಕತ್ತಲಿರುವಾಗಲೇ ಅವನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಎರಡರಲ್ಲೂ ತೆಗೆದೆ. ದೊಡ್ಡದರಲ್ಲಿ ಮುಖ ಮುಖದ ಹಾಗೇ ಬಂತು. ನನ್ನದರಲ್ಲಿ ರವೆ ಎರಚಿದ ಹಾಗೆ! ಸುಳ್ಳು ಯಾಕೆ ಹೇಳಲಿ? ಫುಲ್ ಫ್ರೇಮಿನ ಸೆನ್ಸಾರ್ 36 ಮಿ.ಮೀ.ಗೆ 24, ನನ್ನದು ಸುಮಾರು 23.5ಕ್ಕೆ 15.6. ಬೆಳಕು ಬೀಳುವ ಅಂಗಳವೇ ಎರಡು ಪಟ್ಟಿಗೂ ಮಿಗಿಲು.

ಬೆಳಕು ಹರಿಯಿತು. ಕೆಳಗೆ ಲೋಕಪಾವನಿ, ಕಾವೇರಿ, ಹಸಿರು ಗದ್ದೆ. ದೂರದಲ್ಲಿ ಚಾಮುಂಡಿ ಬೆಟ್ಟ. ಒಂದೇ 24 ಮಿ.ಮೀ. ಲೆನ್ಸನ್ನು ಎರಡಕ್ಕೂ ಹಾಕಿದೆ. ದೊಡ್ಡದರಲ್ಲಿ ಬಯಲಿಗೆ ಬಯಲೇ ಬಂತು. ಚಿಕ್ಕದರಲ್ಲಿ ಸುತ್ತಲ ಅಂಚು ಹೋಗಿ 36ರ ಲೆನ್ಸಿನಷ್ಟೇ ನೋಟ. "ಇನ್ನೇನ್ಲಾ ಯೋಚ್ನೆ? ದೊಡ್ಡದೇ ತಗೊ ಬುಡು" ಅಂದ ಗೆಳೆಯ.

ಅಲ್ಲಿಂದಿಳಿದು ರಂಗನತಿಟ್ಟಿಗೆ ಹೋದೆವು ನೋಡಿ, ಆಟವೇ ತಿರುಗಿತು! ನಡುಗಡ್ಡೆಯ ಮರದಲ್ಲಿ ಬಣ್ಣದ ಕೊಕ್ಕರೆ. ನನ್ನ 200 ಮಿ.ಮೀ. ಲೆನ್ಸು ಈ ಬಡಪಾಯಿ ಕ್ರಾಪಿನಲ್ಲಿ 300ರ ಹಾಗೆ ಹಕ್ಕಿಯನ್ನು ಹತ್ತಿರ ತಂದಿತು. ಫುಲ್ ಫ್ರೇಮಿನಲ್ಲಿ ಅಷ್ಟು ಹತ್ತಿರ ಬೇಕಾದರೆ ಉದ್ದ ಲೆನ್ಸು ಬೇಕು. ಅದಕ್ಕೆ ಅವ್ವ ಇನ್ನೊಂದು ಚೀಟಿ ಎತ್ತಬೇಕು!

ಇಷ್ಟಕ್ಕೂ ಇದಕ್ಕೆ 'ಫುಲ್' ಅನ್ನುವ ಬಿರುದು ಎಲ್ಲಿಂದ ಬಂತು? ಇಲ್ಲಿದೆ ಸಿನಿಮಾ ಸಮಾಚಾರ! 35 ಮಿ.ಮೀ. ಫಿಲಂ ಮೊದಲು ಸಿನಿಮಾದ್ದು. ಸಿನಿಮಾ ಕ್ಯಾಮೆರಾದಲ್ಲಿ ಅದು ಮೇಲಿಂದ ಕೆಳಕ್ಕೆ ಓಡುತ್ತಿತ್ತು, ಚಿತ್ರದ ಅಗಲ ಸುಮಾರು 22 ಮಿ.ಮೀ. ಅದೇ ಫಿಲಮನ್ನು ಅಡ್ಡಕ್ಕೆ ಓಡಿಸಿ 36 ಮಾಡಿದ ಅಳತೆಯನ್ನು ಜನಪ್ರಿಯಗೊಳಿಸಿದ್ದು 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಅಂದರೆ ನಮ್ಮಪ್ಪಂದಿರು ಟೆಂಟಿನಲ್ಲಿ ಶಿಳ್ಳೆ ಹೊಡೆದು ನೋಡಿದ ಚಿತ್ರಗಳೆಲ್ಲ ಹೆಚ್ಚುಕಡಿಮೆ ಕ್ರಾಪೇ ಸ್ವಾಮೀ!

ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿ, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ, 1959ರಲ್ಲಿ 'ಕಾಗಜ್ ಕೆ ಫೂಲ್' ತೆಗೆದರಲ್ಲ, ಭಾರತದ ಮೊದಲ ಸಿನಿಮಾಸ್ಕೋಪ್. ಆ ಅಗಲ ಬಂದದ್ದು ಫಿಲಂ ದೊಡ್ಡದಾಗಿ ಅಲ್ಲ. ಲೆನ್ಸು ದೃಶ್ಯವನ್ನು ಅಡ್ಡಕ್ಕೆ ಹಿಂಡಿ ಅದೇ ಫಿಲಮಿನಲ್ಲಿ ಕೂರಿಸಿತು. ಟಾಕೀಸಿನ ಲೆನ್ಸು ಅದನ್ನು ಬಿಡಿಸಿ ತೆರೆಗೆ ಹಾಸಿತು. ಕನ್ನಡದ ಮೊದಲ ಸಿನಿಮಾಸ್ಕೋಪ್, 1977ರ 'ಸೊಸೆ ತಂದ ಸೌಭಾಗ್ಯ'ದ ಗುಟ್ಟೂ ಲೆನ್ಸೇ.

ಎರಡೂ ಇಟ್ಟುಕೊಂಡರೆ? ಬಲು ಚೆಂದ. ಒಂದಕ್ಕೆ ಅಗಲದ ಲೆನ್ಸು, ಇನ್ನೊಂದಕ್ಕೆ ಉದ್ದದ್ದು. ಧಾರೆ ಹೊತ್ತಿನಲ್ಲಿ ಲೆನ್ಸು ಬಿಚ್ಚುವ ಪರದಾಟವಿಲ್ಲ. ಉಳ್ಳವರು ಇಟ್ಟುಕೊಳ್ಳಲಿ.

ನಾನು ಕ್ರಾಪಿಗೇ ಬೆಳಕು ಚೆನ್ನಾಗಿ ಹಿಡಿಯುವ ಸೆಕೆಂಡ್ ಹ್ಯಾಂಡ್ ಲೆನ್ಸು ತಗೊಂಡೆ. ಉಳಿದ ದುಡ್ಡಿಗೆ ಹೆಂಚು ಬಂದಿದೆ, ಅಂಗಳದಲ್ಲಿ ಪೇರಿಸಿದೆ. ಮೊನ್ನೆ ಕೆ.ಆರ್. ಪೇಟೆಯಿಂದ ಮದುವೆ ಪಾರ್ಟಿ ಫೋನ್ ಮಾಡಿತು: "ಅಣ್ಣಾ, ಫುಲ್ ಫ್ರೇಮೇ ತಾನೆ?"

"ತತ್ತೀನಿ ಕಣಣ್ಣ. ಬಾಡಿಗೆ ನಿಮ್ ಲೆಕ್ಕಕ್ಕೆ" ಅಂದೆ. ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ನಿಮ್ದೇ ತನ್ನಿ ಬುಡಿ" ಅಂದರು.